ಸಾಲ ಮಾಡಿ ಜೂಮ್ ಲೆನ್ಸ್ ಬೇಡ

ದೇವಿಕೊಪ್ಪದ ಕಾಡಂಚಿನಲ್ಲಿ ಹಕ್ಕಿ ಕಂಡರೆ ದೊಡ್ಡ ಜೂಮ್ ಲೆನ್ಸ್ ಬೇಕೆನಿಸುತ್ತದೆ. ನಮಗೂ ಅನಿಸಿತ್ತು. ಆದರೆ ಸಾಲ ಮಾಡಿ ಅದನ್ನೇ ಮೊದಲು ಕೊಳ್ಳಬೇಡಿ ಎನ್ನುತ್ತೇವೆ ನಾವು.

ನವಲಗುಂದದಲ್ಲಿ ಜಮಖಾನೆ ನೇಯುವ ಇಕ್ಕಟ್ಟಾದ ಕೋಣೆಗೆ ಕ್ಯಾಮೆರಾ ಜೊತೆಗೇ ಬರುವ 18-55 ಎಂಎಂ ಲೆನ್ಸ್ ಸಾಕು. 18ಕ್ಕೆ ಇಟ್ಟರೆ ಮಗ್ಗವನ್ನೂ ನೇಯುವ ಅಕ್ಕನನ್ನೂ ಒಂದೇ ಚಿತ್ರದಲ್ಲಿ ಹಿಡಿಯಬಹುದು. ಕುಂದಗೋಳದ ಸವಾಯಿ ಗಂಧರ್ವ ಸಂಗೀತೋತ್ಸವದಲ್ಲಿ ರಾತ್ರಿ ಹಾಡುವವರನ್ನು ತೆಗೆಯಲು ಹೋದರೆ ಅದು ಸೋಲುತ್ತದೆ. ಮುಖ, ಕೈ ಮಸುಕಾಗುತ್ತವೆ. ಅಲ್ಲಿಗೆ 50 ಎಂಎಂ ಎಫ್ 1.8 ಬೇಕು. ಪೂರ್ತಿ ಜೂಮ್ ಮಾಡಿದಾಗ ಎಫ್ 5.6ಕ್ಕೆ ಇಳಿಯುವ ಕಿಟ್ ಲೆನ್ಸಿಗಿಂತ ಇದು ಒಂಬತ್ತು ಪಟ್ಟಿಗೂ ಹೆಚ್ಚು ಬೆಳಕು ಒಳಗೆ ಬಿಡುತ್ತದೆ. ಮದುವೆಗೂ, ಬಯಲಾಟಕ್ಕೂ ಇದೇ ಆದೀತು.

ಹಕ್ಕಿಗೆ? ಬೇಕಾದ ದಿನ ಬಾಡಿಗೆಗೆ ತನ್ನಿ.

ಕೊಳ್ಳುವ ಮುನ್ನ ನಿಮ್ಮ ಹಳೆಯ ನೂರು ಫೋಟೊ ನೋಡಿ: ಹಕ್ಕಿ ಎಷ್ಟು, ಮನುಷ್ಯರು ಎಷ್ಟು? ಯಾವುದು ಹೆಚ್ಚೋ, ದುಡ್ಡು ಅದಕ್ಕೇ ಹೋಗಲಿ.