ದೋರಸಮುದ್ರ ಹಾಳಾದದ್ದು ಯಾರಿಂದ?

ಹಳೇಬೀಡು ಯಾಕೆ ಹಾಳಾಯಿತು ಅಂತ ಕೇಳಿ. ಓದಿದವರು ಮಲಿಕ್ ಕಾಫರ್ ಅಂತಾರೆ. ನಮ್ಮ ಮುದುಕಿಯರು ಅರಸನ ಒಡಹುಟ್ಟಿದವಳ ಶಾಪ ಅಂತಾರೆ. ಅವಳಿಗೆ ನೀರು ಕೊಟ್ಟ ಕುಂಬಾರಗೇರಿ ಮಾತ್ರ ಉಳಿಯಿತಂತೆ. ಒಬ್ಬರಿಗೆ ಹೊರಗಿನವನು ಬೇಕು, ಇನ್ನೊಬ್ಬರಿಗೆ ಹೆಣ್ಣು. ಅರಮನೆಯವರ ಹೆಸರು ಯಾರ ಬಾಯಲ್ಲೂ ಇಲ್ಲ.

ಕಾಫರ್ 1311ರಲ್ಲಿ ಬಂದು ದೋಚಿದ್ದು ನಿಜ. ನಾವೇನೂ ಅವನ ವಕೀಲರಲ್ಲ. ಆದರೆ 1254ರ ಸುಮಾರಿಗೇ ಸೋಮೇಶ್ವರನ ರಾಜ್ಯ ಇಬ್ಬರು ಮಕ್ಕಳಿಗೆ ಹರಿದು ಹಂಚಿಹೋಗಿತ್ತು. ದೋರಸಮುದ್ರ ಮೂರನೇ ನರಸಿಂಹನಿಗೆ, ಕಣ್ಣನೂರಿನ ತಮಿಳು ಸೀಮೆ ರಾಮನಾಥನಿಗೆ. ಪಾಂಡ್ಯರು ಅಲ್ಲಿಂದ ಅಟ್ಟಿದ ಮೇಲೆ ರಾಮನಾಥ ಕುಂದಾಣಿಯಲ್ಲಿ ಕೂತು ನರಸಿಂಹನ ನಾಡಿಗೇ ಕೈ ಹಾಕಿದ. ಶುದ್ಧ ದಾಯಾದಿ ಜಗಳ! ಮುಂದೆ ಮೂರನೇ ಬಲ್ಲಾಳ ಎರಡೂ ಪಾಲು ಕೂಡಿಸಿದ. ಸರಿ, ಕಾಫರ್ ಬಂದಾಗ ಈ ದೊರೆ ಎಲ್ಲಿದ್ದ? ಪಾಂಡ್ಯರ ಮನೆಯಲ್ಲಿ ವೀರ, ಸುಂದರರ ಜಗಳ ಹೊತ್ತಿತ್ತು. ಆ ಬೆಂಕಿಯಲ್ಲಿ ಮೈ ಕಾಯಿಸಿಕೊಳ್ಳಲು ದಂಡು ಸಮೇತ ತೆಂಕಲಿಗೆ ಹೋಗಿದ್ದ.

2023ರಲ್ಲಿ ಬೇಲೂರು, ಹಳೇಬೀಡಿನ ಗುಡಿಗಳು ಯುನೆಸ್ಕೋ ಪಟ್ಟಿ ಸೇರಿದವು. ಸಂತೋಷ. ಮೇಷ್ಟ್ರೇ, ಮಕ್ಕಳ ಬಸ್ಸನ್ನು ಅರಸೀಕೆರೆ ಸೀಮೆಯ ಒಂದು ವೀರಗಲ್ಲಿನ ಹತ್ತಿರವೂ ನಿಲ್ಲಿಸಿ. ಕೆಳಗೆ ಕಾದಾಟ, ನಡುವೆ ಅಪ್ಸರೆಯರು, ಮೇಲೆ ಕೈಲಾಸ. ಸತ್ತವನಿಗೆ ಕೈಲಾಸ ಸಿಕ್ಕಿತು, ನೆಲ ಯಾರಿಗೆ ಸಿಕ್ಕಿತು ಅಂತ ಮಕ್ಕಳೇ ಕೇಳಲಿ.