ಮೊಮೊ ಚೈನೀಸ್ ಅಲ್ಲ

ಮೈಸೂರಿನ ನಮ್ಮ ಬಡಾವಣೆಯ ಪುಟ್ಟ ಹೋಟೆಲಿನ ಬೋರ್ಡಿನಲ್ಲಿ ‘ನೇಪಾಳಿ-ಟಿಬೆಟನ್’ ಎಂದು ಕನ್ನಡದಲ್ಲೇ ಬರೆದಿದೆ. ಆದರೂ ಹಾಸ್ಟೆಲಿನ ಗೆಳೆಯರು ಕರೆಯುವುದು ‘ಚೈನೀಸ್ ತಿನ್ನೋಣ ಬಾ’ ಎಂದೇ. ರುಚಿಯಿದ್ದರೆ ಸಾಕು, ಹೆಸರು ಯಾವುದಾದರೇನು ಎನ್ನುತ್ತಾರೆ. ನಾನು ಒಪ್ಪಲಾರೆ. 1959ರಲ್ಲಿ ಚೀನಾದ ಸೈನ್ಯದಿಂದ ತಪ್ಪಿಸಿಕೊಂಡು ಹಿಮಾಲಯ ದಾಟಿ ಬಂದವರ ಅಡುಗೆಗೆ ಚೀನಾದ ಹೆಸರಿಡುವುದು ಬಾಯಿತಪ್ಪಲ್ಲ, ಅಸಡ್ಡೆ.

ಇಬ್ಬರನ್ನೂ ಒಂದೇ ಎಂದುಕೊಳ್ಳುವುದೂ ಅಸಡ್ಡೆಯೇ. ಎಳ್ಳು-ಟೊಮೆಟೊ ಅಚಾರ್ ಜೊತೆಗಿನ ಮೊಮೊ ನೇಪಾಳದ ರೀತಿ. ತುಕ್ಪಾ, ಟಿಂಗ್ಮೊ ಟಿಬೆಟಿನವು. ಕಾನೂನಿನಲ್ಲಂತೂ ಅಂತರ ಇನ್ನೂ ದೊಡ್ಡದು. 1950ರ ಒಪ್ಪಂದದಿಂದಾಗಿ ನೇಪಾಳದ ಅಡುಗೆಯವರಿಗೆ ಇಲ್ಲಿ ದುಡಿಯಲು ವೀಸಾ ಬೇಡ. ಬೈಲುಕುಪ್ಪೆಯಲ್ಲೇ ಹುಟ್ಟಿ, ‘ಖಾರ ಜಾಸ್ತಿ ಹಾಕ್ಲಾ ಸಾರ್?’ ಎಂದು ಕೇಳುವ ಮಾಲೀಕರ ಬಳಿ ಇರುವುದು ಮಾತ್ರ ವಿದೇಶಿಯರ ನೋಂದಣಿ ಪತ್ರ. ಅದನ್ನು ಕಾಲಕಾಲಕ್ಕೆ ನವೀಕರಿಸುತ್ತಿರಬೇಕು.

ಹಗಲೆಲ್ಲ ವಿಚಾರ ಸಂಕಿರಣದಲ್ಲಿ ವಲಸೆ, ಅಸ್ಮಿತೆ ಎಂದು ಪ್ರಬಂಧ ಮಂಡಿಸುವ ನಾವು ಸಂಜೆ ಅವರನ್ನು ‘ಯಾವ ಊರು?’ ಎಂದು ಕೇಳುತ್ತೇವೆ. ‘ಬೈಲುಕುಪ್ಪೆ’ ಎಂದರೆ ‘ಅದಲ್ಲ, ನಿಜವಾದ ಊರು?’ ಎನ್ನುತ್ತೇವೆ. ನಾನೂ ಕೇಳಿದ್ದೆ. ಅವರು ಉತ್ತರಿಸದೆ ತುಕ್ಪಾದ ಬಟ್ಟಲು ಇಟ್ಟು ಹೋದರು.

ಕಾಡು ಕಡಿದು, ಅರವತ್ತು ವರ್ಷ ಮುಸುಕಿನ ಜೋಳ ಬೆಳೆದ ನೆಲ ಊರಲ್ಲದಿದ್ದರೆ, ಊರೆಂದರೆ ಇನ್ನೇನು?