ಗ್ರಾಮಸಭೆಯನ್ನು ಮರೆತ ಸಂರಕ್ಷಣೆ

2012ರ ಜುಲೈನಲ್ಲಿ ಯುನೆಸ್ಕೊ ಪಶ್ಚಿಮ ಘಟ್ಟದ 39 ತಾಣಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಅವುಗಳಲ್ಲಿ ಹತ್ತು ಕರ್ನಾಟಕದವು. ಜಗತ್ತು ನಮ್ಮ ಕಾಡನ್ನು ಗೌರವಿಸಿದ ಆ ಗಳಿಗೆಯಲ್ಲಿಯೇ ಮಲೆನಾಡಿನ ಹಳ್ಳಿಗಳಲ್ಲಿ ಒಕ್ಕಲೆಬ್ಬಿಸುವರೆಂಬ ಭಯ ಹಬ್ಬಿತು. ಆ ತಾಣಗಳು ಮೊದಲೇ ಕಾನೂನಿನ ರಕ್ಷಣೆಯಲ್ಲಿದ್ದ ಅರಣ್ಯಗಳೆಂದು ಬಿಡಿಸಿ ಹೇಳುವ ಹೊಣೆಯನ್ನು ಸರ್ಕಾರಗಳು ಹೊರಲಿಲ್ಲ.

ಈ ಭಯದ ಮೂಲ ಜನರ ಅಜ್ಞಾನವಲ್ಲ, ಆಳುವವರ ಮೌನ. ಮಾಧವ ಗಾಡ್ಗೀಳ್ ಸಮಿತಿಯು 2011ರಲ್ಲಿ ಸಲ್ಲಿಸಿದ ವರದಿಯನ್ನು ಕೇಂದ್ರವು ತಿಂಗಳುಗಟ್ಟಲೆ ಬಹಿರಂಗಪಡಿಸಲಿಲ್ಲ. ಗ್ರಾಮಸಭೆಗಳಲ್ಲಿ ಚರ್ಚಿಸಿಯೇ ನಿರ್ಧಾರವಾಗಬೇಕೆಂಬುದು ಆ ವರದಿಯ ತಿರುಳಾಗಿತ್ತು. ಬಳಿಕ ಕಸ್ತೂರಿರಂಗನ್ ಸಮಿತಿ ಬಂದಿತು. 2014ರಿಂದ 2024ರವರೆಗೆ ಆರು ಕರಡು ಅಧಿಸೂಚನೆಗಳು ಹೊರಬಿದ್ದವು. 2024ರ ಸೆಪ್ಟೆಂಬರಿನಲ್ಲಿ ರಾಜ್ಯ ಸಂಪುಟವು ಆ ವರದಿಯನ್ನು ತಿರಸ್ಕರಿಸಿತು. ದೆಹಲಿ–ಬೆಂಗಳೂರುಗಳ ಈ ಜಗ್ಗಾಟದಲ್ಲಿ ಹಿಂದುಳಿದದ್ದು ಹಳ್ಳಿಯ ಮಾತು.

ಕೊಡಗಿನ ದೇವರಕಾಡುಗಳು ಯುನೆಸ್ಕೊಗಿಂತ ಹಳೆಯವು. 1983ರಲ್ಲಿ ಸಾಲ್ಕಣಿಯ ಜನ ಮರಗಳನ್ನು ಅಪ್ಪಿಕೊಂಡದ್ದು ಯಾವ ಅಧಿಸೂಚನೆಯ ಬಲದಿಂದಲೂ ಅಲ್ಲ. 2006ರ ಅರಣ್ಯ ಹಕ್ಕು ಕಾಯಿದೆಯೂ ಕಾಡು ಕಾಯುವ ಅಧಿಕಾರವನ್ನು ಗ್ರಾಮಸಭೆಗೆ ನೀಡಿದೆ. ಮುಂದಿನ ಸಭೆಯಲ್ಲಿ ಕರಡು ಅಧಿಸೂಚನೆಯ ಕನ್ನಡ ಪ್ರತಿಯನ್ನು ಕೇಳೋಣ. ಓದಿ, ಒಪ್ಪುವುದನ್ನೂ ಒಪ್ಪದಿರುವುದನ್ನೂ ಠರಾವಿನಲ್ಲಿ ಬರೆಸೋಣ.